ಲಾಂಗ್ ಐಲ್ಯಾಂಡ್‌ನ ಚೀನಿಕಾಯಿ

ಅಕ್ಟೋಬರ್ ಬಂತೆಂದರೆ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್‌ನಲ್ಲಿ ಅಂಗಡಿಗಳ ಮುಂದೆಲ್ಲ ಕುಂಬಳಕಾಯಿ ರಾಶಿ ಬೀಳುತ್ತದೆ. ಹೆಚ್ಚಿನವು ಹ್ಯಾಲೋವೀನ್‌ಗೆಂದು ಬೆಳೆದ ಕಿತ್ತಳೆ ಬಣ್ಣದವು. ಕಣ್ಣು ಮೂಗು ಕೊರೆದು, ಒಳಗೆ ದೀಪ ಇಟ್ಟು ಜಗಲಿಯ ಮೇಲೆ ಕೂರಿಸುವುದಕ್ಕೇ ಸರಿ. ಹಬ್ಬ ಮುಗಿದ ಮರುದಿನ ಅಗ್ಗಕ್ಕೆ ಸಿಕ್ಕಿತೆಂದು ತಂದು ಪಲ್ಯಕ್ಕೆ ಹೆಚ್ಚಿದರೆ ಬರೀ ನೀರು, ನಾರು, ಸಪ್ಪೆ. ಆದರೆ ಅದೇ ರಾಶಿಯ ಮಗ್ಗುಲಲ್ಲಿ ಕೆಲವು ಕಡೆ ಇನ್ನೊಂದು ಕಾಯಿ ಇರುತ್ತದೆ. ಚಪ್ಪಟೆ ಮೈ, ಏಣೇಣು ಹೋಳು, ಗೋಧಿಯ ಬಣ್ಣ. ಸಿಹಿಗುಂಬಳವನ್ನು ಚೀನಿಕಾಯಿ ಎನ್ನುವ ಶಿರಸಿ, ಸಾಗರದ ಕಡೆಯವರು ಕಂಡರೆ ‘ಇದು ನಮ್ಮ ಚೀನಿಕಾಯಲ್ಲವಾ!’ ಅನ್ನದೆ ಇರಲಾರರು. ಅದು ಲಾಂಗ್ ಐಲ್ಯಾಂಡ್ ಚೀಸ್ ಪಂಪ್ಕಿನ್. ಚೀಸಿನ ಗಾಲಿಯ ಹಾಗೆ ಕಾಣುತ್ತದೆಂದು ಆ ಹೆಸರೇ ಹೊರತು ರುಚಿಯಲ್ಲಿ ಚೀಸಿನ ಸುಳಿವೂ ಇಲ್ಲ.

ಹೋಲಿಕೆ ಮೇಲ್ನೋಟದ್ದಲ್ಲ. ತಿನ್ನುವ ಕುಂಬಳಗಳಲ್ಲಿ ಮುಖ್ಯವಾಗಿ ಮೂರು ಜಾತಿ: ಕುಕರ್ಬಿಟಾ ಪೆಪೊ, ಮ್ಯಾಕ್ಸಿಮಾ ಮತ್ತು ಮೊಸ್ಕಾಟಾ. ಹ್ಯಾಲೋವೀನ್ ಕಾಯಿ ಪೆಪೊ. ನಮ್ಮ ಸಿಹಿಗುಂಬಳದ ಬಹುಪಾಲು ಮೊಸ್ಕಾಟಾ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕ ಚಂದನ್ ತಳಿಯೂ ಅದೇ. ಲಾಂಗ್ ಐಲ್ಯಾಂಡ್ ಚೀಸ್ ಕೂಡ ಮೊಸ್ಕಾಟಾ. ಸೂಪರ್‌ಮಾರ್ಕೆಟ್ಟಿನಲ್ಲಿ ವರ್ಷವಿಡೀ ಸಿಗುವ, ಉದ್ದ ಕುತ್ತಿಗೆಯ ಬಟರ್‌ನಟ್ ಕೂಡ. ಲಾಂಗ್ ಐಲ್ಯಾಂಡ್‌ನ ಜೆರಿಕೋ ಎಂಬ ಊರಿನ ಅಡುಗೆಮನೆಯಲ್ಲಿ ಬಟರ್‌ನಟ್ ಪಲ್ಯ ಮಾಡುವವರು ‘ಊರಿನ ಕಾಯಿ ಸಿಗಲಿಲ್ಲ, ಇದರಲ್ಲೇ ಅಡ್ಜಸ್ಟ್ ಮಾಡಿದೆ’ ಎಂದು ಸಂಕೋಚಪಡುವುದುಂಟು. ಸಂಕೋಚಕ್ಕೆ ಕಾರಣವಿಲ್ಲ. ಈ ಖಂಡವೇ ಕುಂಬಳದ ತವರು. ಮೆಕ್ಸಿಕೊದ ಗಿಲಾ ನಾಕಿಟ್ಸ್ ಗುಹೆಯಲ್ಲಿ ಸಿಕ್ಕ ಪೆಪೊ ಬೀಜಗಳಿಗೆ ಸುಮಾರು 10,000 ವರ್ಷ ವಯಸ್ಸು. ನಮ್ಮ ಕಡೆಗೆ ಕುಂಬಳ ಬಂದದ್ದು ಕೊಲಂಬಸನ ನಂತರದ ಹಡಗುಗಳ ಕಾಲದಲ್ಲಿ, ಮೆಣಸಿನಕಾಯಿಯ ಹಾಗೆಯೇ. ಅದಕ್ಕೂ ಮೊದಲು ನಮ್ಮಲ್ಲಿದ್ದದ್ದು ಬೂದುಗುಂಬಳ, ಅದರ ಕುಲವೇ ಬೇರೆ. ಅಂದಮೇಲೆ ಪಲ್ಯದ ಬಾಣಲೆಯಲ್ಲಿ ಸಾಸಿವೆ, ಇಂಗು, ಕರಿಬೇವು ಹಳೆಯ ಲೋಕದವು. ಕಾಯಿಯೂ ಬ್ಯಾಡಗಿ ಮೆಣಸೂ ಅಮೆರಿಕದ ಮೂಲದವು.

ಜೆರಿಕೋ ಈಗ ನಸ್ಸೌ ಕೌಂಟಿಯ ಸಿರಿವಂತ ಬಡಾವಣೆ; ಒಳ್ಳೆಯ ಶಾಲೆ ಇದೆ ಎಂದೇ ಜನ ಮನೆ ಹುಡುಕಿಕೊಂಡು ಬರುತ್ತಾರೆ. ಮೊದಲು ಇದು ಮ್ಯಾಟಿನೆಕಾಕ್ ಜನರ ನೆಲ. 1648ರಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬಾತ ಅವರಿಂದ ಕೊಂಡ. ಮುಂದೆ ಕ್ವೇಕರ್ ಪಂಥದ ರೈತರು ನೆಲೆಸಿದರು. 1788ರಲ್ಲಿ ಅವರು ಕಟ್ಟಿದ ಪ್ರಾರ್ಥನಾ ಮಂದಿರ ಇಂದಿಗೂ ಇದೆ. ಇವರೆಲ್ಲ ಬರುವ ಮೊದಲೇ ಈಶಾನ್ಯ ಅಮೆರಿಕದ ಮೂಲನಿವಾಸಿಗಳು ಮೆಕ್ಕೆಜೋಳದ ದಂಟಿಗೆ ಬೀನ್ಸ್ ಹಬ್ಬಿಸಿ, ಬುಡದಲ್ಲಿ ಕುಂಬಳದ ಬಳ್ಳಿ ಬಿಡುತ್ತಿದ್ದರು. ಎಲೆಯ ನೆರಳಿಗೆ ತೇವ ಆರದು, ಕಳೆ ಏಳದು. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಇಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದೇ ಜೆರಿಕೋದಲ್ಲಿ ಬೇಸಾಯ ಮಾಡುತ್ತ ಬಾಳಿದವರು ಕ್ವೇಕರ್ ಉಪದೇಶಕ ಎಲಿಯಾಸ್ ಹಿಕ್ಸ್ (1748–1830). ಗುಲಾಮಗಿರಿಯನ್ನು ಖಂಡಿಸಿ 1811ರಲ್ಲಿ ಪುಸ್ತಿಕೆ ಬರೆದರು. ಗುಲಾಮರ ದುಡಿಮೆಯಿಂದ ಬಂದ ಹತ್ತಿ, ಸಕ್ಕರೆ ಬಳಸಬಾರದು ಎಂಬ ಪಕ್ಷದವರು. ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಬೆಣ್ಣೆ, ಕಂದು ಸಕ್ಕರೆ ಸುರಿದು ಬೇಯಿಸಿದ ಕುಂಬಳ ಕಂಡಾಗೆಲ್ಲ ನನಗೆ ಹಿಕ್ಸ್ ನೆನಪಾಗುತ್ತಾರೆ. ಸಿಹಿಯಾದ ಕಾಯಿಗೆ ಮತ್ತೆ ಸಕ್ಕರೆ ಯಾಕೆ ಬೇಕು?

ಚೀಸ್ ಪಂಪ್ಕಿನ್ ಬೀಜ ಮಾರಾಟಕ್ಕೆ ಬಂದದ್ದು 1807ರಲ್ಲಿ, ಫಿಲಡೆಲ್ಫಿಯಾದ ಬೀಜದ ವ್ಯಾಪಾರಿ ಬರ್ನಾರ್ಡ್ ಮ್ಯಾಕ್‌ಮಹೊನ್ ಅವರಿಂದ. ಲಾಂಗ್ ಐಲ್ಯಾಂಡ್‌ನ ರೈತರು ಅದನ್ನು ತಮ್ಮದೇ ಮಾಡಿಕೊಂಡರು. ಆಮೇಲೆ ರೈಲು ಬಂತು: ಎಲಿಯಾಸರ ಅಳಿಯ ವ್ಯಾಲೆಂಟೈನ್ ಹಿಕ್ಸ್ ಲಾಂಗ್ ಐಲ್ಯಾಂಡ್ ರೈಲ್ ರೋಡ್‌ನ ಅಧ್ಯಕ್ಷರಾದರು, 1837ರಲ್ಲಿ ಹಳಿ ಜೆರಿಕೋದ ಪಕ್ಕದ ಬಯಲಿಗೆ ಮುಟ್ಟಿತು, ಆ ಊರು ಹಿಕ್ಸ್‌ವಿಲ್ ಆಯಿತು. ಅದೇ ಹಿಕ್ಸ್‌ವಿಲ್‌ಗೆ ನಮ್ಮವರು ಇಂದು ಉದ್ದಿನಬೇಳೆ, ಕರಿಬೇವಿಗೆ ಹೋಗುವುದು. ಆಲೂಗಡ್ಡೆಯ ಸೀಮೆಯಾಗಿದ್ದ ಅಲ್ಲಿ 1941ರಲ್ಲಿ ಗೋಲ್ಡನ್ ನೆಮಟೋಡ್ ಎಂಬ ಬೇರುಹುಳು ಪತ್ತೆಯಾಯಿತು. ಎರಡನೆಯ ಮಹಾಯುದ್ಧ ಮುಗಿದು ಸೈನಿಕರು ಮರಳಿದಾಗ ಮನೆಗಳು ಬೇಕಾದವು. 1947ರಿಂದ ಸಮೀಪದ ಲೆವಿಟ್‌ಟೌನ್ ಆಲೂಗಡ್ಡೆ ಹೊಲಗಳ ಮೇಲೆಯೇ ಎದ್ದಿತು. ಹೊಲ ಹೋದಮೇಲೆ ಬೀಜ ಯಾರಿಗೆ ಬೇಕು? ಪೈ ಮಾಡಲು ಡಬ್ಬಿಯ ಕುಂಬಳ ಸುಲಭವಾಯಿತು, ಚೀಸ್ ಪಂಪ್ಕಿನ್ ಬೀಜದ ಪಟ್ಟಿಗಳಿಂದ ಕಾಣೆಯಾಗತೊಡಗಿತು. 1970ರ ದಶಕದಲ್ಲಿ ಸಫೊಕ್ ಕೌಂಟಿಯ ಸಸ್ಯವಿಜ್ಞಾನ ಅಧ್ಯಾಪಕ ಕೆನ್ ಎಟ್ಲಿಂಗರ್ ಇದನ್ನು ಗಮನಿಸಿ, ಬೀಜ ಸಂಗ್ರಹಿಸಿ, ಬೆಳೆದು, ಹಂಚಿದರು. ಇಂದು ರಸ್ತೆ ಬದಿಯ ತೋಟದಂಗಡಿಗಳಲ್ಲಿ ಆ ಕಾಯಿ ಕಾಣುವುದಕ್ಕೆ ಇವರೇ ಮುಖ್ಯ ಕಾರಣ.

ಬಟರ್‌ನಟ್ ಹುಟ್ಟಿದ ಕತೆ ಚಿಕ್ಕದು. ಮ್ಯಾಸಚೂಸೆಟ್ಸ್‌ನ ಸ್ಟೋ ಎಂಬ ಊರಿನ ಚಾರ್ಲ್ಸ್ ಲೆಗೆಟ್ ವಿಮೆ ಕಂಪನಿಯಲ್ಲಿದ್ದವರು. 1940ರ ದಶಕದಲ್ಲಿ ತಮ್ಮ ಜಮೀನಿನಲ್ಲಿ ತಳಿ ಬೆರೆಸಿ ಇದನ್ನು ಪಡೆದರು. ಅದನ್ನು ತಿದ್ದಿ ರೂಪಿಸಿದ ವಾಲ್ಥಂ ಬಟರ್‌ನಟ್ 1970ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗಳಿಸಿತು. ಇತ್ತೀಚಿನ ಕುಡಿ ಹನಿನಟ್: ನ್ಯೂಯಾರ್ಕಿನ ಬಾಣಸಿಗ ಡ್ಯಾನ್ ಬಾರ್ಬರ್ 2009ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಮೈಕಲ್ ಮಜೂರೆಕ್ ಅವರಿಗೆ, ಗಾತ್ರ ಬಿಟ್ಟು ರುಚಿ ಹೆಚ್ಚಿಸಲು ಆಗದೇ ಎಂದು ಕೇಳಿದ್ದರಿಂದ ಪ್ರಸಿದ್ಧಿಗೆ ಬಂತು. ಅಂಗೈಗಿಂತ ತುಸು ದೊಡ್ಡದು. ಬಲಿತಾಗ ಹಸಿರು ಬಿಟ್ಟು ಕಿತ್ತಳೆ ಬಣ್ಣಕ್ಕೆ ತಿರುಗುವುದರಿಂದ ಕೊಯ್ಯುವ ಹೊತ್ತು ಬಳ್ಳಿಯಲ್ಲೇ ಗೊತ್ತಾಗುತ್ತದೆ.

ಇನ್ನು ಒಲೆಯ ಕಡೆಗೆ. ಬಟರ್‌ನಟ್ ಸಿಪ್ಪೆ ಹೆರೆಯುವಾಗ ಕೈಗೆ ತೆಳ್ಳಗಿನ ಅಂಟು ಮೆತ್ತಿ, ಒಣಗಿ ಚರ್ಮ ಬಿಗಿಯುತ್ತದೆ. ಮೊದಲೇ ಅಂಗೈಗೆ ಎಣ್ಣೆ ಸವರಿಕೊಳ್ಳಿ. ಅರ್ಧ ಇಂಚಿನ ಹೋಳು ಸಾಕು. ಬಾಣಲೆಗೆ ಎರಡು ಚಮಚ ಕೊಬ್ಬರಿ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಮುರಿದ ಬ್ಯಾಡಗಿ, ಇಂಗು, ಕರಿಬೇವು. ಬೇಳೆ ಕೆಂಪಾದೊಡನೆ ಹೋಳು, ಅರಿಶಿನ, ಉಪ್ಪು. ನೀರು ಹೊಯ್ಯಬೇಡಿ. ತಟ್ಟೆ ಮುಚ್ಚಿ, ಆ ತಟ್ಟೆಯ ಮೇಲೆ ಒಂದಿಷ್ಟು ನೀರು ನಿಲ್ಲಿಸಿ. ಒಳಗಿನ ಆವಿ ತಣ್ಣನೆಯ ತಟ್ಟೆಗೆ ತಾಗಿ ಹನಿಯಾಗಿ ಹೋಳಿನ ಮೇಲೇ ಬೀಳುತ್ತದೆ. ತಳ ಹಿಡಿಯುವುದಿಲ್ಲ, ಕಲಸಿಹೋಗುವುದೂ ಇಲ್ಲ. ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಸೌಟಿನ ಅಂಚು ಒತ್ತಿದರೆ ಹೋಳು ಸೀಳಬೇಕು, ನುಚ್ಚಾಗಬಾರದು. ಇಳಿಸುವ ಮುನ್ನ ಒಂದು ಹಿಡಿ ಕಾಯಿತುರಿ, ಅರ್ಧ ನಿಂಬೆ. ಬೆಲ್ಲ ಬೇಡ. ಊರಲ್ಲಿ ಎಳೆಯ ಕಾಯಿಗೆ ಹಾಕುವ ಚೂರು ಬೆಲ್ಲ ಈ ಕಾಯಿಗೆ ಹೆಚ್ಚೇ ಆಗುತ್ತದೆ. ಕೊಯ್ದಿಟ್ಟ ಮೊಸ್ಕಾಟಾದಲ್ಲಿ ಪಿಷ್ಟ ವಾರಗಟ್ಟಲೆ ಸಕ್ಕರೆಯಾಗುತ್ತ ಹೋಗುವುದರಿಂದ ಅಕ್ಟೋಬರಿನ ಕಾಯಿಗಿಂತ ಡಿಸೆಂಬರಿನದು ಸಿಹಿ.

ಸಿಹಿ ಎಂದೊಡನೆ ಮಧುಮೇಹದವರು ಹಿಂಜರಿಯುತ್ತಾರೆ. 100 ಗ್ರಾಂ ಹಸಿ ಬಟರ್‌ನಟ್‌ನಲ್ಲಿ ಸುಮಾರು 45 ಕ್ಯಾಲೊರಿ, 12 ಗ್ರಾಂ ಕಾರ್ಬೊಹೈಡ್ರೇಟ್. ಅಷ್ಟೇ ತೂಕದ ಅನ್ನದಲ್ಲಿ ಕಾರ್ಬೊಹೈಡ್ರೇಟ್ ಇದರ ಎರಡರಷ್ಟಕ್ಕೂ ಹೆಚ್ಚು. ಪಲ್ಯ ಹೆಚ್ಚು ಬಡಿಸಿಕೊಂಡು ಅನ್ನ ಕಡಿಮೆ ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಆ ಕೇಸರಿ ಬಣ್ಣದ ಬೀಟಾ ಕ್ಯಾರೊಟಿನ್ ಮೈಗೆ ಹತ್ತಲು ಕೊಬ್ಬಿನಂಶ ಬೇಕು. ಎಣ್ಣೆಯಿಲ್ಲದೆ ಬರೀ ಆವಿಯಲ್ಲಿ ಬೇಯಿಸಿ ‘ಹೆಲ್ದಿ’ ಅನ್ನುವವರಿಗಿಂತ ಒಗ್ಗರಣೆ ಹಾಕಿ ಕಾಯಿತುರಿ ಉದುರಿಸುವ ಅಜ್ಜಿಯಂದಿರ ಕ್ರಮವೇ ಮೇಲು.

ಇಡೀ ಚೀಸ್ ಪಂಪ್ಕಿನ್ ತಂದರೆ ನಾಲ್ಕೈದು ಕಿಲೋ ತೂಗಬಹುದು, ಒಂದು ಮನೆಗೆ ಒಂದೇ ದಿನಕ್ಕೆ ಮುಗಿಯದು. ಇದರಲ್ಲಿ ನೀರಿನಂಶ ಬಟರ್‌ನಟ್‌ಗಿಂತ ಹೆಚ್ಚು, ಹಾಗಾಗಿ ಪಲ್ಯಕ್ಕಿಂತ ಹುಳಿಗೆ ಲೇಸು. ಹೋಳು ಮಾಡಿ ನಾಲ್ಕು ಮನೆಗೆ ಹಂಚಿ. ಹಿತ್ತಲಲ್ಲಿ ಬೀಜ ಹಾಕುವ ಆಸೆಯಿದ್ದವರು ಒಂದನ್ನು ನೆನಪಿಡಬೇಕು: ಪಕ್ಕದ ಮನೆಯವರು ಬಟರ್‌ನಟ್ ಹಾಕಿದ್ದರೆ ಜೇನುಹುಳು ಎರಡನ್ನೂ ಬೆರೆಸುತ್ತದೆ. ಆ ವರ್ಷದ ಕಾಯಿಗೆ ಏನೂ ಆಗದು, ಅದರ ಬೀಜದಿಂದ ಮುಂದಿನ ವರ್ಷ ಏನು ಬರುತ್ತದೋ ಹೇಳಲಾಗದು. ಹಿಂದಿನ ಸಂಜೆಯೇ ಅರಳಲಿರುವ ಹೆಣ್ಣುಹೂವನ್ನೂ ಗಂಡುಹೂವನ್ನೂ ದಾರದಿಂದ ಕಟ್ಟಿಟ್ಟು, ಬೆಳಗ್ಗೆ ಬಿಚ್ಚಿ ಕೈಯಿಂದ ಪರಾಗ ಮುಟ್ಟಿಸಿ, ಹೆಣ್ಣುಹೂವನ್ನು ಮತ್ತೆ ಕಟ್ಟಬೇಕು. ಜಿಂಕೆಗಳ ಕಾಟಕ್ಕೆ ಬೇಲಿ ಬೇರೆ.