ತಪ್ಪು ಹುಡುಕುವ ಸಾಧನದಲ್ಲೇ ತಪ್ಪು: ಕಾಸರಗೋಡಿನ ಹವ್ಯಕ ಮಾತಿನ ಶಬ್ದಪಟ್ಟಿ

ಕಳೆದ ಗೋಷ್ಠಿಯಲ್ಲಿ ನಾನು ಹಂಚಿದ ಶಬ್ದಪಟ್ಟಿಯಲ್ಲಿ ಒಂದು ದೊಡ್ಡ ತಪ್ಪಿತ್ತು. ಅದು ಹೇಗೆ ಬಂತು, ನಾನು ಏನು ಮಾಡಿದೆ ಅನ್ನುವುದೇ ಇವತ್ತಿನ ವಿಷಯ.

ಕಾಸರಗೋಡಿನ ಹವ್ಯಕ ಹಿರಿಯರು ಯಕ್ಷಗಾನದ ಬಗ್ಗೆ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸುತ್ತಿದ್ದೇನೆ. ಟೈಪಿಂಗ್ ತಪ್ಪು ಹಿಡಿಯಲಿಕ್ಕೆ ಪೈಥಾನಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಂಡೆ. ಅದು ಬರಹವನ್ನು ಶಬ್ದಗಳಾಗಿ ಬಿಡಿಸಿ ಎಣಿಸುತ್ತದೆ, ನಿಘಂಟಿನಲ್ಲಿ ಇಲ್ಲದ್ದನ್ನು ಕೆಂಪು ಮಾಡುತ್ತದೆ. ಒಂಟಿ ಅಕ್ಷರ ಸಿಕ್ಕಿದರೆ ಬಿಟ್ಟುಬಿಡು ಅಂತಲೂ ಹೇಳಿಕೊಟ್ಟಿದ್ದೆ. ಪಟ್ಟಿಯ ತುದಿಯಲ್ಲಿ 'ಪದ' ಬಂತು. ಭಾಗವತರು ಹಾಡುವುದು ಪದವನ್ನೇ ತಾನೆ? ಸಂಶಯವೇ ಬರಲಿಲ್ಲ. ಅದರ ಮೇಲೆ ಒಂದು ಪ್ಯಾರಾ ವ್ಯಾಖ್ಯಾನವನ್ನೂ ಬರೆದೆ!

ಸಿಕ್ಕಿಬಿದ್ದದ್ದು 'ಬಪ' ಎಂಬ ಕೆಂಪು ಶಬ್ದದಿಂದ. ಮೂಲ ತೆಗೆದು ಓದಿದರೆ ಅಲ್ಲಿ ಇದ್ದದ್ದು 'ಬಪ್ಪದು', ಅಂದರೆ ಬರುವುದು. ಪ್ರೋಗ್ರಾಂ ಅದನ್ನು 'ಬಪ', 'ಪದ' ಎಂದು ಎರಡು ತುಂಡು ಮಾಡಿತ್ತು. 'ಹೋಪದು' ಕೂಡ 'ಹ', 'ಪದ' ಆಗಿತ್ತು. ನಮ್ಮ ಹಿರಿಯರು ಬಪ್ಪದು ಹೋಪದು ಹೇಳಿದಷ್ಟು ಸಲವೂ ಯಕ್ಷಗಾನದ 'ಪದ'ಕ್ಕೆ ಒಂದೊಂದು ಲೆಕ್ಕ ಸೇರಿತ್ತು.

ಕಾರಣ ಹೀಗೆ. ಪೈಥಾನಿನ ಜೊತೆಗೇ ಬರುವ ಹುಡುಕು-ಸೌಲಭ್ಯದಲ್ಲಿ 'ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ' ಎಂದು ಬರೆದರೆ ಶಬ್ದದೊಳಗೆ ಬರಬಹುದಾದ ಅಕ್ಷರ ಎಂದರ್ಥ. ಅದು ಅಕ್ಷರ, ಅಂಕಿ, ಅಡಿಗೆರೆ ಇಷ್ಟನ್ನೇ ಒಪ್ಪುತ್ತದೆ. ಯೂನಿಕೋಡಿನ ಪ್ರಕಾರ ನಮ್ಮ ಕಾಗುಣಿತದ ಚಿಹ್ನೆಗಳು, ಒತ್ತಕ್ಷರ ಮೂಡಿಸುವ ವಿರಾಮ, ಅನುಸ್ವಾರ ಯಾವುವೂ 'ಅಕ್ಷರ' ವರ್ಗದಲ್ಲಿಲ್ಲ, ಕೂಡುಚಿಹ್ನೆಗಳ ವರ್ಗದಲ್ಲಿವೆ. ಹಾಗಾಗಿ ಪ್ರತಿ ಕೊಂಬು, ದೀರ್ಘದ ಹತ್ತಿರ ಶಬ್ದ ಮುರಿಯುತ್ತದೆ. 'ಕಾಸರಗೋಡು' ಕೊಟ್ಟರೆ 'ಕ', 'ಸರಗ', 'ಡ' ಸಿಗುತ್ತದೆ. ಮಲಯಾಳಕ್ಕೂ ಇದೇ ಗತಿ, ಗಡಿಯೇನೂ ಅಡ್ಡಬರುವುದಿಲ್ಲ.

"ಆ ಒಂದು ಸಾಲು ತೆಗೆದುಬಿಡು ಮಾರಾಯ" ಅಂದ ಗೆಳೆಯ. ಆದರೆ ಪಟ್ಟಿಯ ಉಳಿದ ಲೆಕ್ಕ ಸರಿ ಅಂತ ಯಾರು ಹೇಳಬೇಕು? ಪೈಥಾನಿನಲ್ಲೇ ಸರಿಯಾಗಲಿ ಅಂತ ಕಾಯುವ ಹಾಗೂ ಇಲ್ಲ: ಈ ದೂರು 2007ರಿಂದಲೂ ಅವರ ದಾಖಲೆಯಲ್ಲಿದೆ, ಮತ್ತು ಆ ಗುರುತಿನ ಅರ್ಥ ಬದಲಾಯಿಸಿದರೆ ಅದನ್ನು ನಂಬಿದ ಹಳೆಯ ಪ್ರೋಗ್ರಾಂಗಳ ಫಲಿತಾಂಶವೂ ಬದಲಾಗುತ್ತದೆ. ಕೊನೆಗೆ ಆ ಗುರುತನ್ನೇ ಬಿಟ್ಟೆ. ಕನ್ನಡಕ್ಕೆ ಯೂನಿಕೋಡ್ ಮೀಸಲಿಟ್ಟ 128 ಸ್ಥಾನಗಳಲ್ಲಿ ಬರುವುದೆಲ್ಲ ಶಬ್ದದ ಭಾಗ ಎಂದು ನಾನೇ ಬರೆದೆ. 'ರಾಜ್‌ಕುಮಾರ್' ಎಂಬಲ್ಲಿ 'ಜ್' ಬಿಡಿಯಾಗಿ ನಿಲ್ಲಲು ಹಾಕುವ ಕಣ್ಣಿಗೆ ಕಾಣದ ಚಿಹ್ನೆ ಈ ಸ್ಥಾನಗಳ ಹೊರಗಿದೆ. ಅದನ್ನು ಬೇರೆಯಾಗಿ ಸೇರಿಸಬೇಕಾಯಿತು.

ತಪ್ಪು ಸರಿಹೋದ ಕೂಡಲೇ ಪುಟವೆಲ್ಲ ಕೆಂಪು! 'ಹೋಪದು', 'ಬಪ್ಪದು', 'ಆನು', 'ಎಂಗೊ' ನಿಘಂಟಿನ ಪಟ್ಟಿಯಲ್ಲಿ ಇಲ್ಲವಲ್ಲ. ಮೊದಲು ಶಬ್ದ ತುಂಡಾಗಿ 'ಪದ' ಪಾಸಾಗುತ್ತಿತ್ತು, 'ಹ' ಲೆಕ್ಕಕ್ಕೇ ಬರುತ್ತಿರಲಿಲ್ಲ. ಅಂದರೆ ಒಂದು ದೋಷ ಇನ್ನೊಂದನ್ನು ಮುಚ್ಚಿಟ್ಟಿತ್ತು. ಹಿರಿಯರ ಮಾತನ್ನು 'ಹೋಗುವುದು' ಎಂದು ತಿದ್ದಿದರೆ ಕೆಂಪು ಹೋಗುತ್ತದೆ, ಆದರೆ ಅಧ್ಯಯನಕ್ಕೆ ಉಳಿಯುವುದೇನು? ಹವ್ಯಕ ಶಬ್ದಗಳಿಗೆ ಬೇರೆಯೇ ಒಂದು ಪಟ್ಟಿ ಮಾಡುತ್ತಿದ್ದೇನೆ. ಧ್ವನಿಮುದ್ರಣ ಮತ್ತೊಮ್ಮೆ ಕೇಳಿ ಖಚಿತವಾದದ್ದನ್ನು ಮಾತ್ರ ಅದಕ್ಕೆ ಸೇರಿಸುತ್ತೇನೆ. ಕೆಲಸ ನಿಧಾನ.

ಹೊಸ ಎಣಿಕೆ ಮುಗಿದ ಮೇಲೆ ಕಳಿಸುತ್ತೇನೆ. ಅಲ್ಲಿಯವರೆಗೆ ಹಳೆಯ ಪಟ್ಟಿಯನ್ನು ಯಾರೂ ಉಲ್ಲೇಖಿಸಬೇಡಿ, 'ಪದ'ದ ಬಗೆಗಿನ ನನ್ನ ಪ್ಯಾರಾವನ್ನು ಹೊಡೆದುಹಾಕಿ.