ಎರಡು ನಾಡು, ಒಂದು ಹೂವು

ಹೂವಿನಹಡಗಲಿಯ ಹೆಸರಿನಲ್ಲಿಯೇ ಹೂವಿದೆ. ಅಲ್ಲಿಯ ಮಲ್ಲಿಗೆಯಂತೂ ನಾಡಿಗೆಲ್ಲ ಪರಿಚಿತ. ಭಾದ್ರಪದದ ಮಹಾಲಯ ಅಮಾವಾಸ್ಯೆಯ ಕಾಲಕ್ಕೆ ಅಲ್ಲಿಯೂ, ಕನ್ನಡ ನಾಡಿನ ಇತರ ಊರುಗಳಲ್ಲಿಯೂ ಅನೇಕ ಮನೆಗಳವರು ಗತಿಸಿದ ಹಿರಿಯರಿಗೆ ಎಡೆಯಿಡುವರು. ಕಾಗೆಗೂ ಒಂದು ತುತ್ತನ್ನು ತೆಗೆದಿಡುವರು.

ಇಂಥ ಸ್ಮರಣೆ ನಮ್ಮಲ್ಲಿ ಮಾತ್ರವೇ ಉಂಟೆಂದು ತಿಳಿಯಬಾರದು. ಮೆಕ್ಸಿಕೋ ದೇಶದ ಜನರು ಪ್ರತಿವರ್ಷ ನವೆಂಬರ್ 1 ಮತ್ತು 2ರಂದು ಹಿರಿಯರು ಮೆಚ್ಚುತ್ತಿದ್ದ ತಿನಿಸುಗಳನ್ನು ಮನೆಯ ಪೀಠದ ಮೇಲಿಟ್ಟು, ಸ್ಮಶಾನಗಳಲ್ಲಿ ದೀಪ ಹಚ್ಚುವರು. ಬೀದಿಗಳಲ್ಲಿ ಮೆರವಣಿಗೆಗಳೂ ನಡೆಯುವುವು. ಆತ್ಮಗಳಿಗೆ ದಾರಿ ತೋರಲೆಂದು ಅವರು ಹರಡುವ ಹೂವು ಯಾವುದು? ನಮ್ಮ ಚೆಂಡುಹೂವೇ!

ಅದರ ತವರು ಮೆಕ್ಸಿಕೋ ಮತ್ತು ಅದರ ನೆರೆನಾಡು. 16ನೆಯ ಶತಮಾನದಲ್ಲಿ ಸ್ಪೇನಿನವರು ಅಲ್ಲಿ ನೆಲೆಯೂರಿದ ಬಳಿಕವಷ್ಟೇ ಅದು ಕಡಲು ದಾಟಿತು. ಹಗಲು ಕಿರಿದಾಗಿ ಇರುಳು ಹಿರಿದಾದಂತೆ ಈ ಗಿಡದಲ್ಲಿ ಹೂಬಿಡುವಿಕೆ ಚುರುಕಾಗುವುದು. ಹಡಗಲಿಯು ಸುಮಾರು 15, ಮೆಕ್ಸಿಕೋದ ಒಹಾಕಾ ನಗರವು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಆದುದರಿಂದ ಎರಡೆಡೆಯೂ ಇರುಳು ಬಹುಮಟ್ಟಿಗೆ ಒಂದೇ ಕ್ರಮದಲ್ಲಿ ಬೆಳೆಯುವುದು. ಅಲ್ಲಿ ಹಿರಿಯರ ಹಬ್ಬಕ್ಕೂ, ಇಲ್ಲಿ ಮಹಾಲಯದ ಬಳಿಕ ಬರುವ ನವರಾತ್ರಿ, ದೀಪಾವಳಿಗಳ ತೋರಣಕ್ಕೂ ಈ ಹೂವು ಹೇರಳವಾಗಿ ಒದಗುವುದಕ್ಕೆ ಇದೂ ಒಂದು ಕಾರಣ. ಎರಡು ನಾಡುಗಳ ಪಂಚಾಂಗ ಬೇರೆಬೇರೆ; ಗಿಡದ ಪಂಚಾಂಗವಾದರೋ ಒಂದೇ, ಇರುಳಿನ ಉದ್ದ.