ಮೈ ಒಪ್ಪಿಕೊಂಡ ಮಜ್ಜೆ

ಪರಕೀಯವಾದುದನ್ನು ಹೊರದೂಡುವುದು ದೇಹದ ಧರ್ಮ. ಆದರೆ 1945ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ರೇ ಓವನ್ ಅವಳಿ ಕರುಗಳಲ್ಲಿ ಒಂದು ವಿಚಿತ್ರವನ್ನು ಕಂಡರು. ಒಂದರ ಮೈಯಲ್ಲಿ ಇನ್ನೊಂದರ ರಕ್ತಕಣಗಳು, ಹುಟ್ಟಿ ಬಹುಕಾಲ ಕಳೆದ ಮೇಲೂ, ನೆಮ್ಮದಿಯಿಂದ ನೆಲೆಸಿದ್ದವು! ಗರ್ಭದಲ್ಲಿ ಇವೆರಡರ ರಕ್ತ ಬೆರೆತಿದ್ದುದೇ ಈ ಸೈರಣೆಗೆ ಕಾರಣ. 1953ರಲ್ಲಿ ಲಂಡನ್ನಿನ ಪೀಟರ್ ಮೆಡವಾರ್ ಮತ್ತು ಅವರ ಸಂಗಡಿಗರು ಇಲಿಯ ಭ್ರೂಣಗಳಿಗೆ ಬೇರೆ ತಳಿಯ ಜೀವಕೋಶಗಳನ್ನು ಚುಚ್ಚಿ, ಅವು ಬೆಳೆದ ಮೇಲೆ ಆ ತಳಿಯ ಚರ್ಮವನ್ನು ಕಸಿಮಾಡಿ, ಈ ಸೈರಣೆಯನ್ನು ಕೃತಕವಾಗಿಯೂ ಉಂಟುಮಾಡಬಹುದೆಂದು ತೋರಿಸಿದರು.

ಗರ್ಭದ ಶಿಶು ಕಲಿಯುವ ಈ ಪಾಠವನ್ನು ಬೆಳೆದ ಮನುಷ್ಯನಿಗೆ ಕಲಿಸುವುದೆಂತು? ಎಷ್ಟೋ ರೋಗಿಗಳ ಪ್ರಾಣ ಈ ಪ್ರಶ್ನೆಯ ಮೇಲೆ ನಿಂತಿದೆ. ಎಲುಬಿನೊಳಗಿನ ಮಜ್ಜೆ ರಕ್ತದ ತವರು. ರಕ್ತದ ಕ್ಯಾನ್ಸರಿನಂತಹ ರೋಗಗಳಲ್ಲಿ ಅನೇಕರಿಗೆ ಆ ಮಜ್ಜೆಯನ್ನೇ ಬದಲಿಸಬೇಕಾಗುತ್ತದೆ. ಒಡಹುಟ್ಟಿದವರೊಬ್ಬರ ಮಜ್ಜೆ ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ. ಹೆತ್ತವರದು, ಮಕ್ಕಳದು ಸಾಮಾನ್ಯವಾಗಿ ಅರ್ಧ ಹೊಂದುತ್ತದೆ. ಅರೆಹೊಂದಿಕೆಯಲ್ಲಿ ವೈರ ಎರಡೂ ಕಡೆಯದು: ರೋಗಿಯ ದೇಹ ಹೊಸ ಮಜ್ಜೆಯನ್ನು ತಿರಸ್ಕರಿಸಬಹುದು, ಮಜ್ಜೆಯೊಡನೆ ಬಂದ ಬಿಳಿಯ ರಕ್ತಕಣಗಳೇ ರೋಗಿಯ ಚರ್ಮ, ಕರುಳು, ಯಕೃತ್ತುಗಳ ಮೇಲೆ ಎರಗಬಹುದು. ಹಳೆಯ ಮಜ್ಜೆಯನ್ನು ಉಗ್ರ ವಿಕಿರಣ, ಔಷಧಗಳಿಂದ ಸಮೂಲ ನಾಶಮಾಡುವ ವಿಧಾನವನ್ನು ವೃದ್ಧರೂ ದುರ್ಬಲರೂ ತಾಳಲಾರರು.

ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ವೈದ್ಯರು ಬೇರೊಂದು ದಾರಿ ಹಿಡಿದರು. ಮೊದಲು ಸೌಮ್ಯ ಪ್ರಮಾಣದ ಔಷಧ ಮತ್ತು ವಿಕಿರಣ. ಬಳಿಕ ಅರ್ಧ ಹೊಂದುವ ಮಜ್ಜೆ. ಆಮೇಲೆ ಎರಡು ದಿನ ಕಾಯುವುದು! ಆ ವೇಳೆಗೆ, ಎದುರಿನವರನ್ನು ಕಂಡು ಕೆರಳಿದ ಕಣಗಳು ಭರದಿಂದ ವೃದ್ಧಿಯಾಗತೊಡಗುತ್ತವೆ. ಮೂರನೆಯ ಮತ್ತು ನಾಲ್ಕನೆಯ ದಿನ ಸೈಕ್ಲೋಫಾಸ್ಫಮೈಡ್ ಎಂಬ ಪ್ರಬಲ ಔಷಧವನ್ನು ಕೊಡುತ್ತಾರೆ. ಕೆರಳಿದ ಕಣಗಳು ಸಾಯುತ್ತವೆ, ಇಲ್ಲವೆ ಬಲಗುಂದುತ್ತವೆ. ಶಾಂತವಾಗಿದ್ದವು ಬಹುಮಟ್ಟಿಗೆ ಉಳಿಯುತ್ತವೆ. ರಕ್ತವನ್ನು ಹುಟ್ಟಿಸುವ ಮೂಲಕೋಶಗಳಲ್ಲಿ ಈ ಔಷಧದ ವಿಷವನ್ನು ಮುರಿಯುವ ಕಿಣ್ವವಿರುವುದರಿಂದ ಅವು ಪಾರಾಗುತ್ತವೆ.

ಈ ದಾರಿಯಲ್ಲೂ ಮುಳ್ಳುಗಳುಂಟು. 2008ರಲ್ಲಿ ಪ್ರಕಟವಾದ ವರದಿಯಲ್ಲಿ ರಕ್ತದ ಕ್ಯಾನ್ಸರಿಗೆ ಈ ಚಿಕಿತ್ಸೆ ಪಡೆದವರು 67 ಜನ. ಕಣಗಳ ಘೋರ ಕಲಹಕ್ಕೆ ಸಿಕ್ಕಿದವರು ಕೆಲವರೇ. ಆದರೆ ವರ್ಷದೊಳಗೆ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮೂಲರೋಗವೇ ಮರುಕಳಿಸಿತು. 2012ರಲ್ಲಿ ಪ್ರಕಟವಾದ ಇನ್ನೊಂದು ವರದಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ರೋಗವನ್ನು ಕುರಿತದ್ದು. ಕಸಿ ಪಡೆದ 17 ಜನರಲ್ಲಿ 14 ಜನರದು ಅರೆಹೊಂದಿಕೆ. ಒಟ್ಟು 11 ಜನರಲ್ಲಿ ಹೊಸ ಮಜ್ಜೆ ಬೇರೂರಿತು. ಉಳಿದವರಲ್ಲಿ ಅದು ನಿಲ್ಲಲಿಲ್ಲ. ಆದರೆ ಯಾರೂ ಸಾಯಲಿಲ್ಲ. ಹಳೆಯ ಮಜ್ಜೆಯನ್ನು ಪೂರ್ತಿ ಸುಟ್ಟಿರಲಿಲ್ಲವಾಗಿ ಅದು ಮತ್ತೆ ಚಿಗುರಿತು. ವರದಿಯ ವೇಳೆಗೆ ಆರು ಮಂದಿ ದೇಹದ ಪ್ರತಿರೋಧವನ್ನು ಅಡಗಿಸುವ ಔಷಧಗಳನ್ನೇ ಬಿಟ್ಟಿದ್ದರು. ಅವರ ಮೈ ಬಂದ ಮಜ್ಜೆಯನ್ನು ತನ್ನದೆಂದೇ ಒಪ್ಪಿಕೊಂಡಿತ್ತು.

ತನ್ನ ಮಜ್ಜೆ ಅರ್ಧ ಮಾತ್ರ ಹೊಂದುವುದೆಂದು ತಿಳಿದ ತಾಯಿ ಇಂದು ಆಸ್ಪತ್ರೆಯಿಂದ ಬರಿಗೈಯಲ್ಲಿ ಮರಳಬೇಕಾಗಿಲ್ಲ.